ಎರೆ ಮಣ್ಣಿನ ಮೇಲೊಂದು ಗ್ಯಾರೇಜು: ಬಳ್ಳಾರಿಯ ಪ್ರಕರಣ ಅಧ್ಯಯನ

ಬಳ್ಳಾರಿಯಲ್ಲಿ ಸಿರುಗುಪ್ಪ ರಸ್ತೆ ಕಡೆಯ ಒಂದು ಅನುಮೋದಿತ ಬಡಾವಣೆ. ನಿವೇಶನ 40×60 ಅಡಿ, ಅಂದರೆ 12.2 ಮೀಟರ್ ಅಗಲ, 18.3 ಮೀಟರ್ ಉದ್ದ. ಮುಂದೆ 2.1 ಮೀಟರ್ ಬಿಟ್ಟು 7.5×8 ಮೀಟರಿನ ಮನೆ ಮೊದಲೇ ಇತ್ತು. ಎಡಕ್ಕೆ 1.1 ಮೀಟರ್ ಸಂದಿ, ಬಲಕ್ಕೆ ಕಾರು ಹೋಗಲು 3.6 ಮೀಟರ್ ದಾರಿ, ಹಿಂದೆ 8.2 ಮೀಟರ್ ಖಾಲಿ ಹಿತ್ತಲು. ಮಾಲೀಕರಿಗೆ ಬೇಕಾಗಿದ್ದು ಒಂದು ಕಾರು ನಿಲ್ಲಿಸುವ ಜಾಗ, ಅದರ ಹಿಂದೆ ಮರಗೆಲಸ ಮತ್ತು ಸಣ್ಣಪುಟ್ಟ ರಿಪೇರಿಗೆ ಒಂದು ಮೇಜು. ಮನೆಗೆ ತಾಗದ ಬಿಡಿ ಕಟ್ಟಡ.

ಮೊದಲು ಹಾಕಿಕೊಂಡ ಲೆಕ್ಕ 18×24 ಅಡಿಯ ಶೆಡ್, 12 ಅಡಿ ಎತ್ತರ. ಹಿಂದಿನ ಮತ್ತು ಬಲಬದಿಯ ಕಂಪೌಂಡ್ ಗೋಡೆಯನ್ನೇ ಎರಡು ಬದಿಯ ಗೋಡೆ ಮಾಡಿಕೊಂಡು, ಉಳಿದೆರಡು ಬದಿಗೆ ಪೈಪು ನಿಲ್ಲಿಸಿ ಮೇಲೆ ತಗಡು ಹೊದಿಸುವುದು. "ಶೆಡ್ಡಿಗೆ ಏನು ಪ್ಲಾನ್ ಬೇಕ್ರಿ ಸರ್, ಹದಿನೈದು ದಿನದಾಗ ಮುಗಸ್ತೀವಿ" ಎಂದ ಗೌಂಡಿಯ ಮಾತಿನ ಮೇಲೆ ಕೆಲಸ ಶುರುವಾಯಿತು. ಎರಡು ಅಡಿ ಪಾಯ ತೋಡಿ ಸೈಜುಗಲ್ಲು ಕಟ್ಟಿದರು, ಕಂಪೌಂಡಿನ ಮೇಲೆ ನಾಲ್ಕು ಪೈಪು ನಿಂತವು. ತಗಡಿನ ಇಳಿಜಾರು ಪಕ್ಕದ ನಿವೇಶನದ ಕಡೆಗಿತ್ತು. ಪಕ್ಕದ ಮನೆಯವರು ಆಕ್ಷೇಪಣೆ ಕೊಟ್ಟರು, ಕೆಲಸ ನಿಲ್ಲಿಸಲು ನೋಟಿಸು ಬಂತು.

ಇಂಥ ಸಂದರ್ಭದಲ್ಲಿ ಬಹಳ ಜನ ಮಾತುಕತೆಯಲ್ಲಿ ಮುಗಿಸಲು ನೋಡುತ್ತಾರೆ. ಇಲ್ಲಿ ಕೆಲಸ ನಿಂತಿದ್ದು ಒಳ್ಳೆಯದೇ ಆಯಿತು. ಪರವಾನಗಿಯ ಪ್ರಶ್ನೆ ಬದಿಗಿಟ್ಟರೂ ಆ ಶೆಡ್ ಎರಡು ಮಳೆಗಾಲ ತಾಳುವ ಹಾಗಿರಲಿಲ್ಲ. ಎರೆ ನೆಲದಲ್ಲಿ, ಅಂದರೆ ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುವ ಕಪ್ಪು ಮಣ್ಣಿನಲ್ಲಿ, ಗ್ಯಾರೇಜಿನ ಅಳತೆಯನ್ನು ಕಾರಿನಿಂದ ಶುರುಮಾಡಬಾರದು. ಗಡಿಯಿಂದ ಎಷ್ಟು ಬಿಡಬೇಕು, ಎರೆ ಎಷ್ಟು ಆಳದವರೆಗಿದೆ, ಈ ಎರಡು ಗೊತ್ತಾದ ಮೇಲೆಯೇ ಉದ್ದಗಲ ಗೆರೆ ಎಳೆಯಬೇಕು.

ಕಾಗದದ ಕೆಲಸ

ಪಾಲಿಕೆ ವ್ಯಾಪ್ತಿಯಲ್ಲಿ ಕಟ್ಟಡ ಕಟ್ಟಲು ಅರ್ಜಿ ಹಾಕುವುದು ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರ 299ನೇ ಕಲಂ ಪ್ರಕಾರ. ಅನುಮತಿ ಇಲ್ಲದೆ ಶುರುಮಾಡಿದ್ದನ್ನು ತೆಗೆಸುವ ಅಧಿಕಾರ 321ನೇ ಕಲಮಿನಲ್ಲಿದೆ. ಕೊಪ್ಪಳ, ಗಂಗಾವತಿ, ಸಿಂಧನೂರಿನಂಥ ನಗರಸಭೆ ಊರುಗಳಲ್ಲಿ ಇದೇ ಕೆಲಸ 1964ರ ಪುರಸಭೆಗಳ ಕಾಯ್ದೆಯ 187ನೇ ಕಲಂ ಅಡಿ ನಡೆಯುತ್ತದೆ. ಊರ ಹೊರಗೆ ಗ್ರಾಮ ಪಂಚಾಯಿತಿ ಇದ್ದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ. ತಗಡಿನ ಚಾವಣಿ ಇದ್ದ ಮಾತ್ರಕ್ಕೆ ಕಟ್ಟಡ ಅಲ್ಲ ಎಂದಾಗುವುದಿಲ್ಲ. ಪಾಯ ಹಾಕಿ ನೆಲಕ್ಕೆ ಕಚ್ಚಿಸಿದ ಶೆಡ್ಡೂ ಕಟ್ಟಡವೇ.

ಆಮೇಲೆ ನೋಡಬೇಕಾದದ್ದು ಮಾಸ್ಟರ್ ಪ್ಲಾನಿನ ವಲಯ ನಿಯಮಾವಳಿ. ರಾಜ್ಯದ ಹಲವು ನಗರಗಳ ನಿಯಮಾವಳಿಗಳಲ್ಲಿ ಬಿಡಿ ಗ್ಯಾರೇಜಿಗೆಂದೇ ಒಂದು ಅಂಶ ಇರುತ್ತದೆ. ಜಾಗ ನಿವೇಶನದ ಹಿಂಬದಿಯ ಮೂಲೆ, ಅಗಲ 4 ಮೀಟರ್, ಉದ್ದ 6 ಮೀಟರ್, ಎತ್ತರ 3 ಮೀಟರ್ ಮೀರಬಾರದು ಎಂಬುದು ಅದರ ಸಾಮಾನ್ಯ ರೂಪ. ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ) ಪಟ್ಟಿ ಮಾತ್ರ ನಿವೇಶನದ ಅಳತೆ, ರಸ್ತೆ ಅಗಲ, ಪ್ರಾಧಿಕಾರ ನೋಡಿಕೊಂಡು ಬದಲಾಗುತ್ತದೆ. ನಿಮ್ಮ ಊರಿನ ಪುಟವನ್ನೇ ತೆಗೆಸಿ ಓದಬೇಕು, ಬೆಂಗಳೂರಿನ ಪಟ್ಟಿ ಇಲ್ಲಿ ಉಪಯೋಗಕ್ಕಿಲ್ಲ. 18×24 ಅಡಿ, 12 ಅಡಿ ಎತ್ತರದ ಮೊದಲ ಲೆಕ್ಕ ಅಗಲ, ಉದ್ದ, ಎತ್ತರ ಮೂರರಲ್ಲೂ ಹೊರಗೆ ಬಿದ್ದಿತ್ತು.

ಪರವಾನಗಿ ಪಡೆದ ಎಂಜಿನಿಯರ್ ಟೇಪು ಹಿಡಿದು ಇಡೀ ನಿವೇಶನ ಅಳೆದಾಗ ಇನ್ನೊಂದು ತೊಡಕು ಕಂಡಿತು. ಮನೆಯ ಹಿಂಗೋಡೆಗೆ ಒರಗಿಸಿ ಕಟ್ಟಿದ್ದ 1.2×1.5 ಮೀಟರಿನ ಶೌಚಾಲಯ ಹಳೆಯ ಮಂಜೂರಿ ನಕ್ಷೆಯಲ್ಲಿ ಇರಲಿಲ್ಲ. ಹೆಚ್ಚುವರಿ ಕಟ್ಟಡದ ಅರ್ಜಿ ಹಾಕಿದಾಗ ಇರುವ ಕಟ್ಟಡವನ್ನೂ ಹಳೆಯ ನಕ್ಷೆಗೆ ಹೋಲಿಸಿ ನೋಡುತ್ತಾರೆ. ಅರ್ಜಿಗಳು ವಾಪಸ್ ಬರುವುದು ಹೆಚ್ಚಾಗಿ ಹೊಸ ಕಟ್ಟಡದಿಂದ ಅಲ್ಲ, ಇಂಥ ಹಳೆಯ ವ್ಯತ್ಯಾಸದಿಂದ. ಮುಂದೆ ಸಕ್ರಮವಾದೀತು ಎಂದು ಕಾಯುವುದರಲ್ಲಿ ಅರ್ಥವಿಲ್ಲ. ರಾಜ್ಯದ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಮಾಲೀಕರು ಆ ಶೌಚಾಲಯ ಕೆಡವಿ, ಜಾಗ ಸಮ ಮಾಡಿಸಿ, ಅದರ ನಂತರದ ಅಳತೆಯಲ್ಲೇ ನಕ್ಷೆ ಮಾಡಿಸಿದರು.

ಅರ್ಜಿಯ ಜೊತೆ ಹೋದವು: ಕ್ರಯಪತ್ರ, ಇ-ಖಾತಾ, ಈ ವರ್ಷದ ಆಸ್ತಿ ತೆರಿಗೆ ರಸೀದಿ, ಋಣಭಾರ ಪತ್ರ, ಬಡಾವಣೆಯ ಅನುಮೋದಿತ ನಕ್ಷೆ, ಮನೆಯ ಹಳೆಯ ಮಂಜೂರಿ, ಹೊಸ ನಕ್ಷೆ. ಹೊಸ ನಕ್ಷೆಯಲ್ಲಿ ಮೂರು ಸಂಗತಿ ಕಡ್ಡಾಯವಾಗಿ ಬರೆಸಿ: ನಾಲ್ಕೂ ಕಡೆಯ ಗಡಿಗೆ ಇರುವ ದೂರ, ನೆಲದಿಂದ ತಗಡಿನ ತುದಿಯವರೆಗಿನ ಎತ್ತರ, ಚಾವಣಿ ನೀರು ಎಲ್ಲಿ ಬೀಳುತ್ತದೆ ಎಂಬ ಬಾಣದ ಗುರುತು. ಮೂರನೆಯದನ್ನು ಯಾರೂ ಕೇಳದಿರಬಹುದು. ಆದರೂ ಬರೆಸಬೇಕು, ನೆರೆಹೊರೆಯ ಜಗಳ ಶುರುವಾಗುವುದು ಅಲ್ಲಿಂದಲೇ. ಉಪಯೋಗದ ಸಾಲಿನಲ್ಲಿ "ಸ್ವಂತ ವಾಹನ ನಿಲುಗಡೆ ಮತ್ತು ಮನೆಬಳಕೆಯ ಕೆಲಸದ ಕೋಣೆ" ಎಂದು ಇದ್ದದ್ದನ್ನು ಇದ್ದಂತೆ ಬರೆದರು. ಹೊರಗಿನವರ ಗಾಡಿ ರಿಪೇರಿ ಮಾಡಿ ಹಣ ಪಡೆಯುವುದಾದರೆ ವ್ಯಾಪಾರ ಪರವಾನಗಿ, ವಿದ್ಯುತ್ ದರ, ವಲಯದ ಉಪಯೋಗ ಎಲ್ಲವೂ ಬೇರೆಯಾಗುತ್ತದೆ.

ಮಂಜೂರಾದ ಅಳತೆ ಹೊರಮೈ 3.6×6 ಮೀಟರ್, ಬಲ ಮತ್ತು ಹಿಂದಿನ ಗಡಿಯಿಂದ ತಲಾ 1 ಮೀಟರ್ ಬಿಟ್ಟು. ಮನೆಯ ಹಿಂಗೋಡೆಗೂ ಗ್ಯಾರೇಜಿಗೂ ನಡುವೆ 1.2 ಮೀಟರ್. ಮನೆಯ 60 ಚದರ ಮೀಟರಿಗೆ ಇದರ 21.6 ಸೇರಿದರೆ 81.6, ನಿವೇಶನದ ಶೇ. 37ರಷ್ಟು. 4 ಮೀಟರ್ ಅಗಲಕ್ಕೆ ಅವಕಾಶ ಇದ್ದರೂ 3.6ಕ್ಕೆ ಇಳಿಸಿದ್ದು ಹಿತ್ತಲಲ್ಲಿ ನೀರಿನ ತೊಟ್ಟಿಗೆ ಓಡಾಡುವ ಜಾಗ ಉಳಿಯಲಿ ಎಂದು. ಒಳಗೆ ಸಿಗುವುದು 3.2×5.6. ನಾಲ್ಕು ಮೀಟರ್ ಒಳಗಿನ ಕಾರು ನಿಂತರೆ ಹಿಂದೆ ಒಂದೂವರೆ ಮೀಟರ್ ಉಳಿಯುತ್ತದೆ. 60 ಸೆಂ.ಮೀ ಅಗಲದ ಕೆಲಸದ ಮೇಜು ಹಾಕಿ ಅದರ ಮುಂದೆ ನಿಂತು ಕೆಲಸ ಮಾಡಲು ಅಷ್ಟು ಸಾಕು.

ಬಾಗಿಲನ್ನು ಗೋಡೆಯ ನಡುವಿಗೆ ಇಡಲಿಲ್ಲ. ಗ್ಯಾರೇಜು ಗಡಿಯಿಂದ ಒಂದು ಮೀಟರ್ ಒಳಗೆ ಸರಿದಿರುವುದರಿಂದ ಅದರ ನಡುಗೆರೆ ಕಾರಿನ ದಾರಿಯ ನಡುಗೆರೆಗೆ ಕೂಡುವುದಿಲ್ಲ. ಸಿಗುವ 1.2 ಮೀಟರ್ ಸಂದಿಯಲ್ಲಿ ಕಾರನ್ನು ಓರೆ ಮಾಡಲೂ ಆಗದು. 2.4 ಮೀಟರ್ ಬಾಗಿಲನ್ನು ಬಲ ಮೂಲೆಯಿಂದ 30 ಸೆಂ.ಮೀಗೆ ಶುರುಮಾಡಿದ್ದರಿಂದ, ಕನ್ನಡಿ ಸೇರಿ 1.95 ಮೀಟರ್ ಅಗಲದ ಕಾರು ಮನೆಯ ಮೂಲೆಗೂ ಬಾಗಿಲ ಚೌಕಟ್ಟಿಗೂ ತಲಾ 17 ಸೆಂ.ಮೀ ಬಿಟ್ಟು ನೇರವಾಗಿ ಒಳಗೆ ಹೋಗುತ್ತದೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು, ಬಾಗಿಲ ಜಾಗದಲ್ಲಿ ಎರಡು ಇಟ್ಟಿಗೆ ನಿಲ್ಲಿಸಿ, ಕಾರು ಓಡಿಸಿ ನೋಡಿದ ಮೇಲೆಯೇ ಇದನ್ನು ನಕ್ಷೆಗೆ ಹಾಕಿದ್ದು. ಕಾಗದದ ಮೇಲೆ ಸರಿ ಕಂಡ ಎಷ್ಟೋ ಗ್ಯಾರೇಜುಗಳಲ್ಲಿ ಇವತ್ತು ಹಳೆಯ ಸಾಮಾನು ತುಂಬಿದೆ, ಕಾರು ರಸ್ತೆಯಲ್ಲಿ ನಿಂತಿದೆ.

ನೆಲ

ಹಗುರ ಕಟ್ಟಡಕ್ಕೆ ಹಗುರ ಪಾಯ ಸಾಕು ಎಂಬ ಮಾತು ಮಸಾರಿ (ಕೆಂಪು ಮಣ್ಣು) ನೆಲದಲ್ಲಿ ನಡೆಯುತ್ತದೆ. ಎರೆ ನೆಲದಲ್ಲಿ ಅದು ಪೂರ್ತಿ ತಲೆಕೆಳಗು. ಇಲ್ಲಿನ ತೊಂದರೆ ಕಟ್ಟಡ ಕುಸಿಯುವುದಷ್ಟೇ ಅಲ್ಲ, ಮಣ್ಣು ಉಬ್ಬಿ ಅದನ್ನು ಮೇಲೆತ್ತುವುದು. ಒಂದೇ ಅಂತಸ್ತಿನ ಗೋಡೆ ಪಾಯದ ಮೇಲೆ ಹೇರುವ ಭಾರ ಚದರ ಮೀಟರಿಗೆ ಎರಡು-ಮೂರು ಟನ್. ನೀರು ಕುಡಿದ ಎರೆ ಮಣ್ಣು ಉಬ್ಬುವಾಗ ಮೇಲಕ್ಕೆ ಒತ್ತುವ ಬಲ ಅದರ ಹಲವು ಪಟ್ಟು ಇರಬಹುದು. ಮೂರು ಅಂತಸ್ತಿನ ಮನೆ ಆ ಒತ್ತಡವನ್ನು ಒಂದಿಷ್ಟು ತುಳಿದು ಹಿಡಿಯುತ್ತದೆ, ಗ್ಯಾರೇಜಿಗೆ ಆ ತೂಕ ಇಲ್ಲ. ಹಾಗಾಗಿ ಎರೆಯಲ್ಲಿ ಮೊದಲು ಬಿರುಕು ಬಿಡುವುದು ಕಂಪೌಂಡ್ ಗೋಡೆ, ಹಿತ್ತಲ ಶೌಚಾಲಯ, ಶೆಡ್ಡು. ಮೊದಲ ಲೆಕ್ಕದಲ್ಲಿ ಆಧಾರವಾಗಿ ಹಿಡಿದಿದ್ದ ಕಂಪೌಂಡ್ ಗೋಡೆಯ ಪಾಯವೇ ಒಂದೂವರೆ ಅಡಿ ಆಳದ್ದು. ಬೇಸಿಗೆಯಲ್ಲಿ ಒಂದು ಕಡೆ ವಾಲಿ, ಮಳೆಗಾಲದಲ್ಲಿ ಇನ್ನೊಂದು ಕಡೆ ತಿರುಗುವ ಗೋಡೆಯ ಮೇಲೆ ಚಾವಣಿ ಕೂರಿಸಿದರೆ ತಗಡಿನ ಸ್ಕ್ರೂ ತೂತುಗಳು ವರ್ಷದೊಳಗೆ ಅಗಲವಾಗುತ್ತವೆ.

ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯಲು ಸರಳ ಪರೀಕ್ಷೆ ಇದೆ. 425 ಮೈಕ್ರಾನ್ ಜರಡಿಯಲ್ಲಿ ಇಳಿದ ಒಣ ಮಣ್ಣು ಹತ್ತತ್ತು ಗ್ರಾಂ ಎರಡು ಅಳತೆ ಗಾಜಿನಲ್ಲಿ ಹಾಕಿ, ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಗಾಳಿ ಗುಳ್ಳೆ ಹೋಗುವಂತೆ ಕಡ್ಡಿಯಲ್ಲಿ ಕಲಕಿ 24 ತಾಸು ಬಿಡುವುದು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಈ ನಿವೇಶನದ ಮಣ್ಣು ನೀರಿನಲ್ಲಿ 24 ಮಿ.ಲೀ, ಸೀಮೆಎಣ್ಣೆಯಲ್ಲಿ 11 ಮಿ.ಲೀ ನಿಂತಿತು. ವ್ಯತ್ಯಾಸ 13ನ್ನು 11ರಿಂದ ಭಾಗಿಸಿದರೆ ಶೇ. 118. ಭಾರತೀಯ ಮಾನಕದ ವಿಂಗಡಣೆಯಲ್ಲಿ 50ರ ಕೆಳಗೆ ಕಡಿಮೆ, 100ರವರೆಗೆ ಮಧ್ಯಮ, 100ರಿಂದ 200 ಹೆಚ್ಚು, ಅದರ ಮೇಲೆ ತೀರಾ ಹೆಚ್ಚು. ಇದು ಮೂರನೆಯ ಸಾಲಿಗೆ ಬಂತು.

ಪರೀಕ್ಷಾ ಗುಂಡಿಯಲ್ಲಿ 1.9 ಮೀಟರ್‌ವರೆಗೆ ಕಪ್ಪು ಎರೆ, ಅದರ ಕೆಳಗೆ ಸುಣ್ಣದ ಹರಳು ಕೂಡಿದ ಹಳದಿ ಮಣ್ಣು, 2.8ರ ಸುಮಾರಿಗೆ ಗರಸು (ಮೊರಂ). ಎರೆ ಒಂದು-ಒಂದೂಕಾಲು ಮೀಟರಿನಲ್ಲೇ ಮುಗಿದಿದ್ದರೆ ಪೂರ್ತಿ ತೆಗೆದು ಗರಸಿನ ಮೇಲೆ ಪಾಯ ಕೂರಿಸುವುದೇ ಅಗ್ಗ. ಗಡಿಯಿಂದ ಒಂದೇ ಮೀಟರ್ ದೂರದಲ್ಲಿ ಎರಡು ಮೀಟರ್ ಆಳದ ಕಂದಕ ತೋಡಿದರೆ ಪಕ್ಕದವರ ಕಂಪೌಂಡ್ ಒಳಗೆ ಜರುಗುತ್ತದೆ. ಹಾಗಾಗಿ ಇಲ್ಲಿ ಅಂಡರ್‌ರೀಮ್ಡ್ ಪೈಲ್ ಆರಿಸಿಕೊಂಡರು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ರೂಢಿಗೆ ತಂದ ಪದ್ಧತಿ ಇದು. ಸಣ್ಣ ಕಂಬದಂತೆ ಕೊರೆದು, ತಳದ ಹತ್ತಿರ ಗಡ್ಡೆಯಾಗಿ ಅಗಲ ಮಾಡಿ ಕಾಂಕ್ರೀಟು ತುಂಬುವುದು. ಮಳೆ-ಬಿಸಿಲಿಗೆ ಮಣ್ಣಿನ ತೇವ ಏರಿಳಿಯುವುದು ಸುಮಾರು 3.5 ಮೀಟರ್ ಆಳದವರೆಗೆ. ಗಡ್ಡೆ ಆ ತುದಿಯಲ್ಲಿ ಕಚ್ಚಿಕೊಂಡಿರುವುದರಿಂದ ಮೇಲಿನ ಮಣ್ಣು ಉಬ್ಬಿದರೂ ಕಟ್ಟಡವನ್ನು ಎತ್ತಲಾರದು.

ಅಳತೆ ಹೀಗೆ: ಕಾಂಡದ ವ್ಯಾಸ 25 ಸೆಂ.ಮೀ, ಗಡ್ಡೆ ಅದರ ಎರಡೂವರೆ ಪಟ್ಟು, ಅಂದರೆ 62.5. ಆಳ 3.5 ಮೀಟರ್. ಮಾನಕದ ಕೋಷ್ಟಕದಲ್ಲಿ ಇಂಥದೊಂದಕ್ಕೆ ಹೊರುವ ಶಕ್ತಿ 12 ಟನ್ ಇದೆ, ಈ ಕಟ್ಟಡಕ್ಕೆ ಅದು ಧಾರಾಳ. ಒಟ್ಟು ಎಂಟು: ನಾಲ್ಕು ಮೂಲೆ, ಎರಡು ಉದ್ದ ಗೋಡೆಗಳ ನಡುವೆ ಒಂದೊಂದು, ಹಿಂಗೋಡೆಯ ನಡುವೆ ಒಂದು, ಕಾರಿನ ಗಾಲಿ ದಾಟುವ ಹೊಸ್ತಿಲ ಕೆಳಗೆ ಒಂದು. ಪ್ರತಿಯೊಂದಕ್ಕೂ 12 ಮಿ.ಮೀ ಸರಳು ನಾಲ್ಕು, 8 ಮಿ.ಮೀ ರಿಂಗು 20 ಸೆಂ.ಮೀಗೊಂದು. ಎಂಟಕ್ಕೂ ಸೇರಿ ಕಾಂಕ್ರೀಟು 1.8 ಘನ ಮೀಟರ್, ಘನ ಮೀಟರಿಗೆ ಎಂಟು ಚೀಲದಂತೆ ಸಿಮೆಂಟು 15 ಚೀಲ.

ಕೊರೆದದ್ದು ಕೈಯಿಂದ ತಿರುಗಿಸುವ ಆಗರಿನಲ್ಲಿ. ಮುಕ್ಕಾಲಿ ನಿಲ್ಲಿಸಿ ಮೂರು ಜನ ತಿರುಗಿಸಿದರೆ ದಿನಕ್ಕೆ ಎರಡು-ಮೂರು ಗುಂಡಿ ಆಗುತ್ತದೆ. ಗಡ್ಡೆ ಸರಿಯಾಗಿ ಕತ್ತರಿಸಿದೆಯೇ ಎಂಬುದು ಮೇಲಿನಿಂದ ಕಾಣುವುದಿಲ್ಲ. ತುದಿಯಲ್ಲಿ ಅಡ್ಡ ಬಾಗಿಸಿದ ಸರಳನ್ನು ಇಳಿಸಿ ಸುತ್ತ ತಿರುಗಿಸಿ ನೋಡಬೇಕು. ಒಂದು ಕಡೆ ತಡೆದರೂ ಗಡ್ಡೆ ಪೂರ್ತಿಯಾಗಿಲ್ಲ. ಎರಡು ಗುಂಡಿಗಳಲ್ಲಿ ಹಾಗಾಗಿತ್ತು, ಮತ್ತೆ ಉಪಕರಣ ಇಳಿಸಿ ಕೆರೆಸಿದರು. ಹಿಂಬದಿ ಮೂಲೆಯ ಗುಂಡಿಯಲ್ಲಿ ಸಂಜೆಗೆ ಒಂದಡಿ ನೀರು ನಿಂತಿತು. ಅಂತರ್ಜಲ ಅಲ್ಲ, ಹಳೆಯ ಶೌಚಾಲಯಕ್ಕೆ ಹೋಗಿದ್ದ ಪೈಪನ್ನು ಸರಿಯಾಗಿ ಮುಚ್ಚಿರಲಿಲ್ಲ. ಪೈಪಿಗೆ ಮುಚ್ಚಳ ಹಾಕಿ, ನೀರು ಎತ್ತಿ, ಸಡಿಲಾದ ಕೆಸರು ತೆಗೆದು, ಅದೇ ದಿನ ಕಾಂಕ್ರೀಟು ಹಾಕಿದರು. ಕೊರೆದ ಗುಂಡಿಯನ್ನು ರಾತ್ರಿ ಬಿಡಬಾರದು, ಗಡ್ಡೆಯ ಮೇಲ್ಭಾಗ ಕುಸಿದು ತಳಕ್ಕೆ ಬೀಳುತ್ತದೆ. ಕಾಂಕ್ರೀಟನ್ನು ಬುಟ್ಟಿಯಿಂದ ಸುರಿಯದೆ ಉದ್ದ ಕೊಳವೆಯ ಆಲಿಕೆಯಲ್ಲಿ ತಳದಿಂದ ತುಂಬಿಸಿಕೊಂಡು ಬರಬೇಕು. ಈ ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಬಳ್ಳಾರಿ ಭಾಗದಲ್ಲಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಳೆ ಜೋರು, ಏಪ್ರಿಲ್-ಮೇನಲ್ಲಿ ಎರೆ ಕಲ್ಲಾಗುತ್ತದೆ.

ಪೈಲುಗಳ ತಲೆ ಕೂಡಿಸುವುದು ಪ್ಲಿಂತ್ ಬೀಮು: 20×30 ಸೆಂ.ಮೀ, ಮೇಲೆ ಎರಡು ಕೆಳಗೆ ಎರಡು 12 ಮಿ.ಮೀ ಸರಳು, 15 ಸೆಂ.ಮೀಗೊಂದು 8 ಮಿ.ಮೀ ರಿಂಗು. ಒಟ್ಟು ಉದ್ದ 18.4 ಮೀಟರ್, ಕಾಂಕ್ರೀಟು 1.1 ಘನ ಮೀಟರ್. ಇದರ ತಳ ಮಣ್ಣಿಗೆ ತಾಗಲೇಬಾರದು, ಕನಿಷ್ಠ 8 ಸೆಂ.ಮೀ ಟೊಳ್ಳು ಬೇಕು. ಪೈಲ್ ಎಷ್ಟೇ ಚೆನ್ನಾಗಿ ಹಾಕಿದರೂ ಬೀಮು ನೆಲದ ಮೇಲೆ ಕೂತಿದ್ದರೆ ಉಬ್ಬಿದ ಮಣ್ಣು ಅದನ್ನು ಕೆಳಗಿನಿಂದ ನೂಕುತ್ತದೆ, ಹಾಕಿದ ಖರ್ಚೆಲ್ಲ ವ್ಯರ್ಥ. ಇಲ್ಲಿ ತಪ್ಪು ಆದದ್ದೂ ಇದೇ ಜಾಗದಲ್ಲಿ. ತಳದ ಸೆಂಟ್ರಿಂಗ್ ಬದಲು ಮರಳು ಹಾಸಿ ಅದರ ಮೇಲೆ ಬೀಮು ಹಾಕಿ, ಆಮೇಲೆ ಮರಳು ತೆಗೆಯಬೇಕೆಂದು ಗೌಂಡಿಗೆ ಹೇಳಿದ್ದರು. ಗಟ್ಟಿ ಇರಲಿ ಎಂದು ಅವನು ಮರಳಿನ ಕೆಳಗೆ ಇಟ್ಟಿಗೆ ಚೂರು ಬಡಿದು ಕೂರಿಸಿದ್ದ. ಏಳು ದಿನದ ನಂತರ ಮರಳು ಬಂತು, ಚೂರುಗಳು ಬರಲಿಲ್ಲ. ಹೊರಗಿನಿಂದ ಪಕ್ಕಕ್ಕೆ ತೋಡಿ, ಗಡಾರಿಯಲ್ಲಿ ಒಂದೊಂದೇ ಚೂರು ಎಬ್ಬಿಸಿ, ಕೊನೆಗೆ 8 ಸೆಂ.ಮೀ ಎತ್ತರದ ಮರದ ತುಂಡನ್ನು ಬೀಮಿನ ಉದ್ದಕ್ಕೂ ಎಳೆದು ಎಲ್ಲಿಯೂ ತಡೆಯುವುದಿಲ್ಲ ಎಂದು ಖಚಿತ ಮಾಡಿಕೊಂಡರು. ಆಮೇಲೆ ಟೊಳ್ಳಿನೊಳಕ್ಕೆ ಮಣ್ಣು, ಇಲಿ ಹೋಗದಂತೆ ಎರಡೂ ಬದಿಗೆ ಕಡಪ ಕಲ್ಲಿನ ಸೀಳು ನಿಲ್ಲಿಸಿದರು. ಕಲ್ಲನ್ನು ಬೀಮಿಗೆ ಒರಗಿಸಬೇಕು, ಬೀಮಿನ ತಳಕ್ಕೆ ಆನಿಸಬಾರದು.

ಒಳನೆಲ

ಗೋಡೆ ಪೈಲಿನ ಮೇಲೆ ನಿಂತಿತು, ಒಳಗಿನ ನೆಲ ಇನ್ನೂ ಎರೆಯ ಮೇಲೆಯೇ ಇದೆ. ಅದನ್ನೂ ಪೈಲಿನ ಮೇಲೆ ಕೂರಿಸಬಹುದು, ಖರ್ಚು ದುಪ್ಪಟ್ಟು. ಇಲ್ಲಿ ನೆಲವನ್ನು ಗೋಡೆಗೆ ಸೇರಿಸದೆ ಬಿಡಿಯಾಗಿ ಬಿಟ್ಟರು. 60 ಸೆಂ.ಮೀ ಎರೆ ತೆಗೆದು ಗರಸು ತುಂಬಿದರು. ಕುಟ್ಟಿದ ಮೇಲೆ 10.8 ಘನ ಮೀಟರ್ ಆಗಬೇಕು, ಸಡಿಲವಾಗಿ ತರಿಸುವಾಗ 14, ಅಂದರೆ ಐದು ಬ್ರಾಸ್ (ಬ್ರಾಸಿಗೆ ನೂರು ಘನ ಅಡಿ). 15 ಸೆಂ.ಮೀ ಪದರಕ್ಕೊಮ್ಮೆ ಹದವಾಗಿ ನೀರು ಚಿಮುಕಿಸಿ ಪ್ಲೇಟ್ ಕಂಪ್ಯಾಕ್ಟರ್ ಓಡಿಸಬೇಕು.

ಗರಸು ಎಂದರೆ ಯಾವ ಗರಸಾದರೂ ಆಗದು. ಬರೀ ಹರಳು ಇದ್ದರೆ, ಅಥವಾ ಅಗ್ಗ ಎಂದು ಮರಳು ತುಂಬಿದರೆ, ಸುತ್ತಲಿನ ಎರೆಯ ನಡುವೆ ಅದು ನೀರು ನಿಲ್ಲುವ ತೊಟ್ಟಿಯಂತಾಗುತ್ತದೆ. ನಿಂತ ನೀರು ತಳದ ಎರೆಯನ್ನು ವರ್ಷವಿಡೀ ಉಬ್ಬಿಸುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ಜಿಗುಟು ಇರಬೇಕು, ಒಣಗಿದಾಗ ಬಿರಿಯಬಾರದು. ಉಬ್ಬದ, ಆದರೆ ಅಂಟುಳ್ಳ ಮಣ್ಣಿನ ಪದರ ಎರೆಯ ಉಬ್ಬುವಿಕೆಯನ್ನು ತಡೆಯುತ್ತದೆ ಎಂದು ತೋರಿಸಿಕೊಟ್ಟವರು ಬಾಂಬೆ ಐಐಟಿಯ ಪ್ರೊ. ಆರ್.ಕೆ. ಕಟ್ಟಿ. ನಮ್ಮ ಮಲಪ್ರಭಾ ಕಾಲುವೆಯ ತೊಂದರೆಗೆ ಅವರು ಹುಡುಕಿದ ಉಪಾಯ ಅದು. ಪೂರ್ತಿ ಪ್ರಯೋಜನಕ್ಕೆ ಪದರ ಒಂದು ಮೀಟರಿನಷ್ಟು ಬೇಕು. 60 ಸೆಂ.ಮೀಗೆ ನೆಲ ಸ್ವಲ್ಪ ಆಡುತ್ತದೆ ಎಂದು ಒಪ್ಪಿಕೊಂಡೇ ಇಲ್ಲಿ ಮುಂದುವರಿದರು, ಹಾಗಾಗಿಯೇ ಗೋಡೆಯಿಂದ ಬಿಡಿಸಿದ್ದು.

ಗರಸಿನ ಮೇಲೆ 7.5 ಸೆಂ.ಮೀ ಬಡ (ಸಿಮೆಂಟು ಕಡಿಮೆ ಇರುವ) ಕಾಂಕ್ರೀಟು, ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 12.5 ಸೆಂ.ಮೀ ಎಂ-20 ಕಾಂಕ್ರೀಟು, 8 ಮಿ.ಮೀ ಜಾಲರಿ 20 ಸೆಂ.ಮೀ ಅಂತರದಲ್ಲಿ. ಗೋಡೆಯ ಸುತ್ತ 2 ಸೆಂ.ಮೀ ಥರ್ಮಾಕೋಲ್ ಪಟ್ಟಿ ಇಟ್ಟು, ಆಮೇಲೆ ಮೇಲಿನ ಒಂದು ಸೆಂ.ಮೀ ಕೆರೆದು ಸೀಲಂಟ್ ತುಂಬಿದರು. ಉದ್ದದ ನಡುವೆ ಒಂದು ಕೀಲು. ನೆಲದ ಮಟ್ಟ ಹೊರಗಿಗಿಂತ 20 ಸೆಂ.ಮೀ ಎತ್ತರ. ಇನ್ನೂ ಎತ್ತರಿಸುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ 2 ಮೀಟರ್ ಇಳಿಜಾರಿಗೆ 20 ಸೆಂ.ಮೀ ಅಂದರೆ ಹತ್ತಕ್ಕೊಂದು. ಅದಕ್ಕಿಂತ ಕಡಿದಾದರೆ ಕಾರಿನ ಹೊಟ್ಟೆ ಹೊಸ್ತಿಲಿಗೆ ತಾಗುತ್ತದೆ. ಈ ಭಾಗದಲ್ಲಿ ಹೆಚ್ಚು ಸಿಗುವ ಸಿಮೆಂಟು ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಸೇರಿದ್ದು. ಒಳ್ಳೆಯದೇ, ಆದರೆ ನಿಧಾನ ಗಟ್ಟಿಯಾಗುತ್ತದೆ. ನಮ್ಮ ಬಿಸಿಲಿಗೆ ಏಳು ದಿನ ನೀರು ಹಾಕಿ ಬಿಟ್ಟರೆ ಮೇಲ್ಮೈ ಪುಡಿ ಏಳುತ್ತದೆ, 14 ದಿನ ಗೋಣಿಚೀಲ ಹೊದಿಸಿ ನೆನೆಸಬೇಕು.

ಗೋಡೆ, ಚಾವಣಿ, ಮೂರು ಮೀಟರಿನ ಲೆಕ್ಕ

ಗೋಡೆ 40×20×20 ಸೆಂ.ಮೀ ಘನ ಸಿಮೆಂಟ್ ಬ್ಲಾಕು, ಒಡೆಯುವುದು ಸೇರಿ 450. ಮೂಲೆಗಳಲ್ಲಿ ಪ್ಲಿಂತ್ ಬೀಮಿನಿಂದ ಎದ್ದ ಸರಳು ಗೋಡೆಯ ತಲೆಗೆ ಸುತ್ತ ಹಾಕಿದ 15 ಸೆಂ.ಮೀ ಕಾಂಕ್ರೀಟು ಬ್ಯಾಂಡಿನವರೆಗೆ ಹೋಗುತ್ತದೆ. ಕಿಟಕಿ ಎರಡೂ ಹಿತ್ತಲಿನ ಕಡೆಗೇ, ಪಕ್ಕದವರ ಬದಿಗೆ ಇಲ್ಲ. ಪೆಟ್ರೋಲ್ ಆವಿ ನೆಲ ಹಿಡಿದು ಹರಡುವುದರಿಂದ ನೆಲದಿಂದ 15 ಸೆಂ.ಮೀ ಎತ್ತರದಲ್ಲಿ ಎರಡು ಜಾಲಿ ಬಿಟ್ಟರು.

ಚಾವಣಿಯ ಇಳಿಜಾರು ಈ ಸಲ ಒಳಗಿನ ಹಿತ್ತಲಿಗೆ. ಬಲಗಡೆ ಎತ್ತರ, ಎಡಗಡೆ ತಗ್ಗು, ಹತ್ತಕ್ಕೊಂದು. 3.6 ಮೀಟರಿಗೆ 36 ಸೆಂ.ಮೀ ಇಳಿಯುತ್ತದೆ. ಬಲಗೋಡೆಯ ತಲೆ ಹೊರಗಿನ ನೆಲದಿಂದ 2.75 ಮೀಟರ್. ಅದರ ಮೇಲೆ 10 ಸೆಂ.ಮೀ ರಾಫ್ಟರ್ (ಇಳಿಜಾರಿನ ತೊಲೆ), 5 ಸೆಂ.ಮೀ ಪರ್ಲಿನ್ (ತೊಲೆಗಳ ಮೇಲಿನ ಅಡ್ಡಪಟ್ಟಿ), 4 ಸೆಂ.ಮೀ ಪಫ್ ಹಾಳೆ (ನಡುವೆ ಶಾಖ ತಡೆಯುವ ಫೋಮ್ ಇರುವ ತಗಡು) ಮತ್ತು ಅದರ ಉಬ್ಬುಗೆರೆ ಸೇರಿದರೆ ಮೂರು ಮೀಟರಿನ ಒಳಗೇ ನಿಲ್ಲುತ್ತದೆ. ರೋಲಿಂಗ್ ಶಟರ್ ಆರ್ಡರ್ ಕೊಡುವ ಮೊದಲು ಈ ಲೆಕ್ಕವನ್ನು ಬಾಗಿಲ ಎಡ ಅಂಚಿನಲ್ಲಿ ಮತ್ತೆ ಮಾಡಬೇಕು, ಅಲ್ಲಿ ಚಾವಣಿ ತಗ್ಗಿರುತ್ತದೆ. ಒಳನೆಲದಿಂದ ಪರ್ಲಿನ್ ತಳಕ್ಕೆ ಅಲ್ಲಿ ಸಿಕ್ಕಿದ್ದು 2.38 ಮೀಟರ್. ಶಟರ್ ಸುತ್ತುವ ಡ್ರಮ್ಮಿಗೆ 30 ಸೆಂ.ಮೀ ಬೇಕು. ಬಾಗಿಲು 2.05 ಮೀಟರಿಗೆ ಇಳಿಸಿದ್ದರಿಂದ ಮೂರು ಸೆಂ.ಮೀ ಉಳಿಯಿತು. ರೂಢಿಯಂತೆ ಏಳು ಅಡಿ ಬಾಗಿಲು ಬಿಟ್ಟಿದ್ದರೆ ಡ್ರಮ್ಮು ಪರ್ಲಿನ್ನಿಗೆ ಸಿಕ್ಕಿಬೀಳುತ್ತಿತ್ತು.

ಬರೀ ತಗಡಿಗಿಂತ ಪಫ್ ಹಾಳೆ ದುಬಾರಿ. ಆದರೆ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಎಂಟಡಿ ಎತ್ತರದ ತಗಡಿನ ಕೆಳಗೆ ಮಧ್ಯಾಹ್ನ ಯಾರೂ ಕೆಲಸ ಮಾಡಲಾರರು. ಹಣ ಉಳಿಸುವುದಾದರೆ ಬೇರೆಲ್ಲಾದರೂ ಉಳಿಸಿ. ಬಿಳಿ ಬಣ್ಣದ ಹಾಳೆ, 3.9 ಮೀಟರ್ ಉದ್ದ, ಒಂದು ಮೀಟರ್ ಮುಚ್ಚುವವು ಆರು. ರಾಫ್ಟರ್ 100×50×3.2 ಮಿ.ಮೀ ಪೈಪು ಐದು, 1.45 ಮೀಟರಿಗೊಂದು. ಪರ್ಲಿನ್ 50×50 ಐದು ಸಾಲು.

ಇಡೀ ಚಾವಣಿಯ ತೂಕ ಐನೂರು ಕೆಜಿ ಸುಮಾರು. ಮುಂಗಾರು ಪೂರ್ವದ ಬಿರುಗಾಳಿಗೆ ಶಟರ್ ತೆರೆದಿದ್ದರೆ ಗಾಳಿ ಒಳಗೆ ನುಗ್ಗಿ ಕೆಳಗಿನಿಂದ ತಳ್ಳುತ್ತದೆ, ಮೇಲಿನಿಂದ ಎಳೆಯುತ್ತದೆ. ಆಗ ಎತ್ತುವ ಬಲ ಎರಡು ಟನ್ ದಾಟಬಹುದು. ತೂಕದ ಮೇಲೆ ನಂಬಿಕೆ ಇಡುವ ಹಾಗಿಲ್ಲ. ರಾಫ್ಟರಿನ ಎರಡೂ ತುದಿಗೆ 150×150×8 ಮಿ.ಮೀ ಪ್ಲೇಟು, ಬ್ಯಾಂಡಿನ ಕಾಂಕ್ರೀಟಿನೊಳಗೆ ಹೂತ 12 ಮಿ.ಮೀ ಬೋಲ್ಟು ನಾಲ್ಕು. ಬ್ಲಾಕು ಗೋಡೆಗೆ ಕೊರೆದು ಹಾಕಿದ ಬೋಲ್ಟು ಬ್ಲಾಕಿನ ಸಮೇತ ಕಿತ್ತು ಬರುತ್ತದೆ. ಹಾಳೆಯ ಸ್ಕ್ರೂ ಅಂಚಿನ ಎರಡು ಸಾಲಿನಲ್ಲಿ ಪ್ರತಿ ಉಬ್ಬಿಗೊಂದು, ನಡುವೆ ಒಂದು ಬಿಟ್ಟು ಒಂದು. ಕಪ್ಪು ರಬ್ಬರ್ ವಾಷರ್ ಚಪ್ಪಟೆಯಾಗುವಷ್ಟು ಬಿಗಿಸಿದರೆ ಎರಡು ಬೇಸಿಗೆಗೆ ಒಡೆಯುತ್ತದೆ, ತುಸು ಉಬ್ಬಿದಾಗಲೇ ನಿಲ್ಲಿಸಬೇಕು.

ತಾಸಿಗೆ 50 ಮಿ.ಮೀ ಮಳೆ ಬಂದರೆ ಈ ಚಾವಣಿಯಿಂದ 1,100 ಲೀಟರಿನಷ್ಟು ನೀರು ಇಳಿಯುತ್ತದೆ. ಅದನ್ನು ಗೋಡೆ ಬುಡಕ್ಕೆ ಬಿಟ್ಟರೆ ಪೈಲ್ ಹಾಕಿದ್ದಕ್ಕೂ ಅರ್ಥವಿಲ್ಲ. ತಗ್ಗಿನ ಬದಿಗೆ ದೋಣಿ, 110 ಮಿ.ಮೀ ಪೈಪಿನಲ್ಲಿ ಹಿತ್ತಲ ತೊಟ್ಟಿಗೆ. ಕಟ್ಟಡದ ಸುತ್ತ ಒಂದು ಮೀಟರ್ ಅಗಲ ಕಾಂಕ್ರೀಟು ಹಾಸು, ಹೊರಗೆ ಇಳಿಜಾರು.

ಎಲ್ಲ ಸೇರಿ ಸಿಮೆಂಟು 65-70 ಚೀಲ, ಸರಳು 300 ಕೆಜಿಗೂ ಮೇಲೆ. ದರ ತಿಂಗಳಿಗೊಮ್ಮೆ ಬದಲಾಗುತ್ತದೆ, ಪ್ರಮಾಣ ಹಿಡಿದು ಲೆಕ್ಕ ಹಾಕಿಕೊಳ್ಳಿ.

ವಿದ್ಯುತ್ತು ಮತ್ತು ಕೊನೆಯ ಕಾಗದ

ಎರಡು ಎಚ್‌ಪಿ ಕಂಪ್ರೆಸರ್, ಗ್ರೈಂಡರ್, ಡ್ರಿಲ್, ದೀಪ, ಫ್ಯಾನು ಸೇರಿ 3 ಕಿಲೋವ್ಯಾಟ್. ಬೇರೆ ಮೀಟರು ಪಡೆಯದೆ ಮನೆಯ ಸಂಪರ್ಕಕ್ಕೇ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಂಡರು. ಮನೆಯ ಬೋರ್ಡಿನಿಂದ 4 ಚದರ ಮಿ.ಮೀ ತಾಮ್ರದ ಆರ್ಮರ್ಡ್ ಕೇಬಲ್ 22 ಮೀಟರ್, ಎರಡಡಿ ಆಳದಲ್ಲಿ, ಮೇಲೆ ಇಟ್ಟಿಗೆ ಸಾಲು. 16 ಆಂಪಿಯರ್ ಹರಿದಾಗ ಬೀಳುವ ವೋಲ್ಟೇಜು ನಾಲ್ಕರ ಒಳಗೆ. ಗ್ಯಾರೇಜಿನಲ್ಲಿ ಬೇರೆ ಸಣ್ಣ ಬೋರ್ಡು, 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು). ಮನೆ ಒಂದು ರೀತಿ ಅಲುಗಿದರೆ ಗ್ಯಾರೇಜು ಇನ್ನೊಂದು ರೀತಿ, ಹಾಗಾಗಿ ಕೇಬಲ್ ಎರಡೂ ಗೋಡೆ ಹೊಗುವಲ್ಲಿ ಅರ್ಧ ಮೀಟರ್ ಸಡಿಲ ಸುತ್ತು ಬಿಡಬೇಕು. ನೀರಿನ ಪೈಪಿಗೂ ಇದೇ ಮಾತು. ಅರ್ಥಿಂಗ್ ಬಗ್ಗೆ ಎರೆ ನೆಲದಲ್ಲಿ ವಿಶೇಷ ಎಚ್ಚರ ಬೇಕು. ಮಳೆಗಾಲದಲ್ಲಿ ಅಳೆದರೆ ಅಂಕಿ ಬಹಳ ಚೆನ್ನಾಗಿ ಬರುತ್ತದೆ. ಬೇಸಿಗೆಯಲ್ಲಿ ಮಣ್ಣು ಸಂಕುಚಿಸಿ ಸರಳಿನಿಂದ ದೂರ ಸರಿಯುತ್ತದೆ, ಆಗ ಅರ್ಥಿಂಗ್ ಇದ್ದೂ ಇಲ್ಲದಂತೆ. ಸರಳಿನ ಸುತ್ತ ಬೆಂಟೊನೈಟ್ ತುಂಬಿಸಿ, ಮಾರ್ಚಿನಿಂದ ಮಳೆ ಬರುವವರೆಗೆ ವಾರಕ್ಕೊಮ್ಮೆ ಗುಂಡಿಗೆ ನೀರು ಹಾಕಬೇಕು, ಅಳತೆಯನ್ನು ಮೇ ತಿಂಗಳಲ್ಲಿ ತೆಗೆಸಬೇಕು.

ಕೆಲಸ ಮುಗಿದ ಮೇಲೆ ಪಾಲಿಕೆಗಳ ಕಾಯ್ದೆಯ 310ನೇ ಕಲಂ ಪ್ರಕಾರ ಪೂರ್ಣಗೊಂಡ ವರದಿ ಕೊಟ್ಟು ಸ್ವಾಧೀನ ಪತ್ರ ಪಡೆದರು. ಸಣ್ಣ ಕಟ್ಟಡಕ್ಕೆ ಇದೆಲ್ಲ ಯಾಕೆ ಎಂದು ಬಿಡುವವರು ಹೆಚ್ಚು. 2024ರ ಡಿಸೆಂಬರ್ 17ರಂದು ಅನಧಿಕೃತ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ವಿದ್ಯುತ್, ನೀರಿನ ಸಂಪರ್ಕ, ಬ್ಯಾಂಕ್ ಸಾಲ ಎಲ್ಲದಕ್ಕೂ ಈ ಪತ್ರ ಕೇಳುವುದು ಬಿಗಿಯಾಗಿದೆ. ಮುಂದೆ ಮನೆ ಮಾರುವಾಗ ಹಿತ್ತಲ ಕಟ್ಟಡ ದಾಖಲೆಯಲ್ಲಿ ಇಲ್ಲ ಎಂದಾದರೆ ಮನೆಯ ವ್ಯವಹಾರವೇ ನಿಲ್ಲುತ್ತದೆ. ಮುಂದಿನ ಸಾಲಿನ ಸ್ವಯಂ ಘೋಷಿತ ತೆರಿಗೆಯಲ್ಲಿ 21.6 ಚದರ ಮೀಟರನ್ನೂ ಸೇರಿಸಿದರು.

ಗೋಡೆಯ ನಾಲ್ಕು ಮೂಲೆಗೂ ಒಳನೆಲದ ನಡುವಿಗೂ ಮಟ್ಟದ ಗುರುತು ಹಾಕಿ, ಮೇ ಕೊನೆಗೊಮ್ಮೆ ಅಕ್ಟೋಬರ್ ಕೊನೆಗೊಮ್ಮೆ ನೀರಿನ ಪೈಪಿನಲ್ಲಿ ಮಟ್ಟ ನೋಡುತ್ತಾರೆ. ಮೊದಲ ಮಳೆಗಾಲದಲ್ಲಿ ಒಳನೆಲ 6 ಮಿ.ಮೀ ಎದ್ದಿತು, ಗೋಡೆಗಳ ಗುರುತು ಕದಲಲಿಲ್ಲ. ಹೊರಗಿನ ಕಾಂಕ್ರೀಟು ಹಾಸು ಗೋಡೆಯಿಂದ ಒಂದು ಬೆರಳು ಬಿಟ್ಟುಕೊಂಡಿತು. ಆ ಸಂದಿಯನ್ನು ಸಿಮೆಂಟಿನಿಂದ ಮುಚ್ಚಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ. ಬಿಟುಮೆನ್ ಸೀಲಂಟ್ ತುಂಬಿಸಿ, ಪ್ರತಿ ವರ್ಷ ಜೂನಿಗೆ ಮೊದಲು ಸುತ್ತ ನೋಡಿ ಬಿಟ್ಟಲ್ಲಿ ಮತ್ತೆ ತುಂಬಿಸಬೇಕು.